ಹಾಡಿನ ನಡುವಿನ ಕೋಳಿ

ಬೀಸುವ ಕಲ್ಲಿನ ಹಾಡು ಹಾಡುತ್ತಿದ್ದ ಎರ್ರೆಮ್ಮ ನಡುವೆ ಗೋಡೆಯಾಚೆಯವಳನ್ನು ಬೈದದ್ದೇ ತಪ್ಪಾಯಿತು. ಅದೂ ಹದಿನಾರು ವರ್ಷದ ಹಿಂದೆ. ಆಗ ಊರ ಶಾಲೆಯಲ್ಲಿದ್ದ ಭೀಮರಾಜ ಮೇಷ್ಟ್ರು ಬೆಂಕಿಪೊಟ್ಟಣದಷ್ಟಿದ್ದ ಎಂಪಿತ್ರೀ ಪ್ಲೇಯರೊಂದನ್ನು ಎರ್ರೆಮ್ಮನ ಬಾಯಿಗೆ ಹಿಡಿದು, ಹಳೇ ಹಾಡು ಉಳೀಬೇಕು, ಹಾಡವ್ವ ಎಂದಿದ್ದರು. ಎರಡು ನುಡಿ ಮುಗಿಯುವಷ್ಟರಲ್ಲಿ ಪಕ್ಕದ ಮನೆಯಿಂದ ಸಾರಿನ ವಾಸನೆ ಬಂತು. ಹಿಂದಿನ ದಿನವಷ್ಟೇ ಎರ್ರೆಮ್ಮನ ಕೆಂಪು ಕೋಳಿ ಕಾಣೆಯಾಗಿತ್ತು.

"ಲೇ ಗಾದೆಮ್ಮ, ನನ್ನ ಕೋಳಿ ನಿನ್ನ ಒಲಿಮ್ಯಾಲ ಕುದಿಯಾಕತ್ತೈತಿ, ತಿಂದ ಬಾಯಿಗೆ ಹುಳ ಬೀಳ್ಲಿ" ಎಂದು ಶುರುಮಾಡಿ, ಒಂದು ನಿಮಿಷ ಬೈದು, ಉಸಿರು ತೆಗೆದುಕೊಂಡು ಮೂರನೆಯ ನುಡಿಗೆ ಹೋಗಿದ್ದಳು. ಯಂತ್ರ ಎಲ್ಲವನ್ನೂ ನುಂಗಿತ್ತು.

ಈಗ ಅದೇ ಗಾದೆಮ್ಮ ಬೀಗತಿಯಾಗುವವಳು. ಎರ್ರೆಮ್ಮನ ಮಗ ಕಾಂತೇಶ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಆರು ಊರಲ್ಲಿ ಹೆಣ್ಣು ನೋಡಿ ಉಪ್ಪಿಟ್ಟು ತಿಂದು ಬಂದವನಿಗೆ ಕೊನೆಗೆ ಗಾದೆಮ್ಮನ ಮಗಳು ಮೇಘಾ ಒಪ್ಪಿದ್ದಳು. ಸಂಜೆ ಹೂ ಮುಡಿಸುವ ಶಾಸ್ತ್ರ. ಅಂಥ ದಿನ ಬೆಳಗ್ಗೆ ಗಾದೆಮ್ಮ ಅಂಗಳಕ್ಕೆ ಬಂದು ನಿಂತಳು, ಒಲೆಯ ಮೇಲಿಟ್ಟು ಮರೆತ ಎಣ್ಣೆಯ ಬಾಣಲೆಯ ಹಾಗೆ.

"ನೀರಿನ ಟ್ಯಾಂಕಿನ ಹತ್ರ ನಾಕು ಫೋನ್ ರಿಂಗಾದ್ವು, ನಾಕರಾಗೂ ನಿನ್ನ ಹಾಡು. ಯಾರೋ ಊರ ಗ್ರೂಪಿಗೆ ಹಾಕ್ಯಾರ. ಹಾಡಿದವ್ರು ಎರ್ರೆಮ್ಮ ಅಂತ ಫೋಟೋ ಬ್ಯಾರೆ. ಸಂಜಿ ಒಳಗ ಆ ಹಾಡು ಈ ಊರಾಗ ಇರಬಾರ್ದು. ಇದ್ರ ನನ್ನ ಮಗಳನ್ನ ಕೊಡಂಗಿಲ್ಲ."

"ನಾನೇನು ಬೇಕಂತ ಬೈದ್ನಾ..."

"ನನ್ನ ಮುಂದ ಮಾತು ಬ್ಯಾಡ."

ಎರ್ರೆಮ್ಮನಿಗೂ ಸಿಟ್ಟು ನೆತ್ತಿಗೇರಿತು. ಕೋಳಿ ಕಳೆದುಕೊಂಡವಳು ತಾನು, ಸೆಟೆದುಕೊಂಡು ಹೋಗುವವಳು ಇವಳು. ಆದರೆ ಬಾಗಿಲಲ್ಲಿ ನಿಂತಿದ್ದ ಮಗನ ಮುಖ ನೋಡಿ ಚಪ್ಪಲಿ ಮೆಟ್ಟಿ ಕೂಡ್ಲಿಗಿ ಬಸ್ಸು ಹತ್ತಿದಳು.

ನಿವೃತ್ತರಾಗಿ ಕೂಡ್ಲಿಗಿಯಲ್ಲಿದ್ದ ಭೀಮರಾಜ ಮೇಷ್ಟ್ರು ಮೇಜಿನ ಖಾನೆಯಿಂದ ಆ ಪ್ಲೇಯರನ್ನು ತೆಗೆದು ತೋರಿಸಿದರು. ಬ್ಯಾಟರಿ ಉಬ್ಬಿ ಅದು ಗರ್ಭಿಣಿ ಜಿರಳೆಯಂತಾಗಿತ್ತು.

"ಇದರಾಗಿನ ಹಾಡು ಅಳಿಸ್ರಿ ಸರ."

"ಇದು ಸತ್ತು ಹತ್ತು ವರ್ಷ ಆತವ್ವ. ಕ್ಯಾಸೆಟ್ ಆಗಿದ್ರ ರೀಲು ಎಳದು ಹರೀಬಹುದಿತ್ತು. ಇದರಿಂದ ಕಂಪ್ಯೂಟರಿಗೆ ಹೋತು. ಅಲ್ಲಿಂದ ಉಗುರಿನಷ್ಟು ಮೆಮೊರಿ ಕಾರ್ಡಿಗೆ, ಬಟನ್ ಫೋನಿಗೆ. ಆಮೇಲೆ ಟ್ರ್ಯಾಕ್ಟರ್ ರಾಮಣ್ಣ ಪೆನ್ ಡ್ರೈವಿಗೆ ಹಾಕಿಸ್ಕೊಂಡು ಹೋದ. ಯಂತ್ರ ಸಾಯ್ತಾವು, ಹಾಡು ಸಾಯಂಗಿಲ್ಲ." ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆಳೆದರು. "ಅದಿರ್ಲಿ, ಆ ಕೋಳೀನ ಗಾದೆಮ್ಮನೇ ತಿಂದಿದ್ಲೇನು?"

ಎರ್ರೆಮ್ಮ ಮಗನನ್ನು ನೆನೆದು ಉಗುಳು ನುಂಗಿದಳು. "ಇಲ್ರಿ. ಬೆಕ್ಕು ಒಯ್ದಿತ್ತು."

ಹೊಸಹಳ್ಳಿ ರಸ್ತೆಯ ಹೊಲದಲ್ಲಿ ರಾಮಣ್ಣನ ಟ್ರ್ಯಾಕ್ಟರು ಅವಳದೇ ದನಿಯಲ್ಲಿ ಗಾದೆಮ್ಮನನ್ನು ಬೈಯುತ್ತ ಉಳುತ್ತಿತ್ತು. ಎರ್ರೆಮ್ಮ ಹತ್ತಿ, ಪೆನ್ ಡ್ರೈವ್ ಕಿತ್ತು, ಜಾಲಿಯ ಪೊದೆಗೆ ಎಸೆದಳು. ರಾಮಣ್ಣ ಬೇಜಾರೇನೂ ಮಾಡಿಕೊಳ್ಳಲಿಲ್ಲ.

"ಇರ್ಲಿ ಬಿಡಕ್ಕ, ಫೋನಿನಾಗೂ ಐತಿ" ಎಂದು ಬ್ಲೂಟೂತ್ ಹಚ್ಚಿದ. ಹಾಡು ಬಿಟ್ಟಲ್ಲಿಂದಲೇ ಶುರುವಾಯಿತು. "ಆ ಕೋಳಿ ಕತಿ ಏನಾತು ಕಡಿಗೆ?"

"ಬೆಕ್ಕಲೇ. ಕರಿ ಬೆಕ್ಕು" ಎಂದು ಹಲ್ಲು ಕಡಿದಳು.

ಹೊಸಹಳ್ಳಿಯ ಮೊಬೈಲ್ ಅಂಗಡಿ ಮುಟ್ಟುವಷ್ಟರಲ್ಲಿ ಮೂರು ಗಂಟೆ. ಅಂಗಡಿಯ ಹುಲುಗೇಶ ದೂರದ ಸಂಬಂಧಿ, ಊರ ಗ್ರೂಪನ್ನು ನಡೆಸುವವನೂ ಅವನೇ.

"ಎಲ್ಲರ ಫೋನಿನಾಗಿಂದ ಅಳಿಸಾಕ ಬರಂಗಿಲ್ಲ ಅತ್ತಿ. ಬೈದಿದ್ದನ್ನ ಕತ್ತರಿಸಿ ಬರೇ ಹಾಡು ಗ್ರೂಪಿಗೆ ಹಾಕ್ತೀನಿ. ಹೊಸಾದು ಬಂತಂದ್ರ ಹಳೇದನ್ನ ಯಾರು ಇಟ್ಕೋತಾರ?"

ಅವನು ಕತ್ತರಿಸುವಾಗ ಅಂಗಡಿಯಲ್ಲಿದ್ದ ಐದೂ ಜನ ಕೋಳಿಯ ಕತೆ ಕೇಳುತ್ತ ಎರ್ರೆಮ್ಮನನ್ನು ಸುತ್ತುವರಿದರು. ಬೆಕ್ಕಿನ ಮಾತು ಅವರು ನಂಬಲಿಲ್ಲ. ರೇಗಿಹೋದ ಎರ್ರೆಮ್ಮ, ಗಾದೆಮ್ಮ ಕಂಡವರ ಕೋಳಿ ಮುಟ್ಟುವ ಹೆಂಗಸೇ ಅಲ್ಲ ಎಂದು ಮೈಲಾರಲಿಂಗನ ಮೇಲೆ ಆಣೆ ಮಾಡಿದಳು. ಆಣೆ ಮಾಡಿದ ಮೇಲೆ ಮೈಯೆಲ್ಲ ಉರಿಯಿತು.

ಐದು ಗಂಟೆಗೆ ಮನೆಗೆ ಬಂದಾಗ ಗಾದೆಮ್ಮನ ಅಂಗಳದಲ್ಲಿ ಕುರ್ಚಿ ಹಾಕಿ ನೆಂಟರು ಕೂತಿದ್ದರು. ಎರ್ರೆಮ್ಮ ಹೂವಿನ ತಟ್ಟೆ ಹಿಡಿದು ಕಾಂತೇಶನ ಜೊತೆ ಗೇಟು ದಾಟುವುದಕ್ಕೂ, ಗ್ರೂಪಿಗೆ ಆಗಷ್ಟೇ ಬಂದದ್ದನ್ನು ಒತ್ತಿದ ಅವರ ಫೋನುಗಳು ಒಂದಾದ ಮೇಲೊಂದು ಬಾಯಿಬಿಡುವುದಕ್ಕೂ ಸರಿಹೋಯಿತು.

"ಲೇ ಗಾದೆಮ್ಮ, ನನ್ನ ಕೋಳಿ ನಿನ್ನ ಒಲಿಮ್ಯಾಲ..."

ಹಾಡಿನ ಒಂದು ಸಾಲೂ ಇರಲಿಲ್ಲ. ಹುಲುಗೇಶ ಉಳಿಸಬೇಕಾದದ್ದನ್ನು ಕತ್ತರಿಸಿ ಎಸೆದು, ಎಸೆಯಬೇಕಾದದ್ದನ್ನು ಕಳಿಸಿದ್ದ. ನೆಂಟರು ಹೊಟ್ಟೆ ಹಿಡಿದು ನಗುತ್ತ, ರಿಂಗ್‌ಟೋನಿಗೆ ಇದೇ ಛಲೋ ಐತಿ ಎಂದು ಅಲ್ಲೇ ಬದಲಿಸಿಕೊಳ್ಳತೊಡಗಿದರು. ಎರ್ರೆಮ್ಮ ಗೇಟಿನಲ್ಲೇ ನಿಂತಳು.

ಗಾದೆಮ್ಮ ಎದ್ದು ಬಂದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಈಗ ಸರಿ ಆತು ನೋಡು. ಬಾ, ಕುಂದ್ರು."

"ಬೈದಿದ್ದಕ್ಕ ಸಿಟ್ಟಿಲ್ಲೇನು ನಿಂಗ?"

"ಬೈದಿದ್ದು ಯಾರಿಗೆ ಬೇಕಾಗೇತಿ? ಆ ಹಾಡು ನಮ್ಮವ್ವಂದು. ನಿನಗ ಕಲಿಸಿದಾಕಿ ನಾನು. ಮೇಷ್ಟ್ರು ಬಂದಾಗ ನಂದ ಅಂತ ಹಾಡಿಬಿಟ್ಟಿ. ನಿನ್ನ ಫೋಟೋ ಹಾಕಿ ಊರಿಗೆಲ್ಲ ಹಂಚಿದ್ದು ನೋಡಿ ಹೊಟ್ಟಿ ಉರೀತು. ಹಾಡು ತಗದ್ಯಲ್ಲ, ಅಷ್ಟು ಸಾಕು." ಅವಳು ತಟ್ಟೆಗೆ ಕೈ ಚಾಚಿದಳು. "ಇನ್ನ ಕೋಳಿ. ಅದು ನಾನ ತಿಂದಿದ್ದು, ಸುಳ್ಳ್ಯಾಕ ಹೇಳ್ಲಿ. ಎಳೇದಿತ್ತು, ಲಗೂನ ಬೆಂತು."

ಇಡೀ ದಿನ ಎರ್ರೆಮ್ಮ ನುಂಗಿದ್ದೆಲ್ಲ, ಮೇಷ್ಟ್ರ ಮುಂದಿನ ಬೆಕ್ಕು, ರಾಮಣ್ಣನ ಮುಂದಿನ ಕರಿಬೆಕ್ಕು, ಐದು ಜನರ ಮುಂದಿನ ಸುಳ್ಳಾಣೆ, ಗಂಟಲಿಗೆ ಬಂತು. ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು.

"ದೇವರ ಮ್ಯಾಲ ಆಣಿ ಮಾಡಿ ಬಂದೀನಿ ನಿನ್ನ ಸಲುವಾಗಿ. ಕಳ್ಳರ ಮನಿ ಹೆಣ್ಣು ನನಗ ಬ್ಯಾಡ. ನಡಿಯಲೇ ಕಾಂತೇಶ."

ಕಾಂತೇಶ ಬಾಗಿಲಲ್ಲಿ ನಿಂತಿದ್ದ ಮೇಘಾಳ ಮುಖ ನೋಡಿದ. ಗಾದೆಮ್ಮ ನಿಧಾನವಾಗಿ ನೆಂಟರ ಕಡೆ ತಿರುಗಿದಳು.

"ಎಲ್ರೂ ಕೇಳಿದ್ರಲ್ಲ? ನಾವು ಕೊಡ್ತೀವಿ ಅಂದ್ವಿ. ಒಲ್ಲೆ ಅಂದಾಕಿ ಗಂಡಿನ ತಾಯಿ."