ಕುಳ್ಳಿಗಿಂತ ಒಂದು ಗೇಣು ಮೇಲೆ

ಮುಂದೆ ಏನಾಗುತ್ತೀ ಎಂದು ಕೇಳುವುದು ಸಣ್ಣ ಮಕ್ಕಳನ್ನು. ಅವು ಪೊಲೀಸ್ ಎನ್ನುತ್ತವೆ, ಬಸ್ಸಿನ ಡ್ರೈವರ್ ಎನ್ನುತ್ತವೆ, ಕೈಗೊಂದು ಪೆಪ್ಪರಮಿಂಟು ಇಟ್ಟರೆ ಮಾತು ಮುಗಿಯಿತು. ಮೀಸೆಯಲ್ಲಿ ಬಿಳಿ ಕೂದಲು ಬಂದ ಗಂಡಸನ್ನು ಕುರ್ಚಿಯಲ್ಲಿ ಕೂಡಿಸಿ ಆ ಪ್ರಶ್ನೆ ಕೇಳಬಾರದು. ಕೇಳಿದರೆ ಆ ಮನುಷ್ಯ ಮನೆಗೆ ಬಂದು ರೊಟ್ಟಿ ಮುಟ್ಟುವುದಿಲ್ಲ. ನಮ್ಮವರಿಗೆ ಹಾಗಾಯಿತು. "ಇನ್ನು ಐದು ವರ್ಷಕ್ಕೆ ನೀವು ಏನಾಗಿರಬೇಕು ಅಂತ ಇದ್ದೀರಿ? ಯೋಚನೆ ಮಾಡಿಕೊಂಡು ಸೋಮವಾರ ಬಂದು ಹೇಳಿ" ಎಂದು ಕಂಪನಿಯ ಸಾಹೇಬರು ಕೇಳಿ ಕಳಿಸಿದ್ದರು. ನಮ್ಮ ಮನೆತನದಲ್ಲಿ ಯಾರನ್ನೂ ಯಾರೂ ಹಾಗೆ ಕೇಳಿದ್ದಿಲ್ಲ. ನಮ್ಮ ಮಾವ ಕುರಿ ಕಾಯುತ್ತಿದ್ದರು. ಐದು ವರ್ಷ ಬಿಟ್ಟು ನೋಡಿದರೂ ಕುರಿ ಕಾಯುತ್ತಿದ್ದರು. ಕುರಿಗಳೂ ಅವರನ್ನು ಏನೂ ಕೇಳಲಿಲ್ಲ.

ನಮ್ಮವರು ಗೋಡೆ ಬರೆಯುವ ಪೇಂಟರ್. ಎಪ್ಪತ್ತರ ದಶಕ ಮುಗಿಯಲು ಬಂದಿದ್ದ ಕಾಲ. ರಾಯಚೂರಿನ ಅಂಚಿನಲ್ಲಿ ಒಂದು ಮನೆ, ಒಂದು ಎಮ್ಮೆ, ನಾವಿಬ್ಬರು. ಒಂದು ಚಹಾಪುಡಿ ಕಂಪನಿಯ ಜಾಹೀರಾತನ್ನು ದೇವದುರ್ಗ, ಮಾನ್ವಿ ಕಡೆಯ ಊರುಗಳ ಗೋಡೆಗಳ ಮೇಲೆ ಬರೆಯುವುದು ಅವರ ಕೆಲಸ. ಮೊದಲು ಬಣ್ಣದ ಡಬ್ಬಿ ತೊಳೆಯಲು ಸೇರಿದರು. ಆಮೇಲೆ ಗೋಡೆಗೆ ಸುಣ್ಣ ಬಳಿದರು. ಆಮೇಲೆ ಬೇರೆಯವರು ಗೆರೆ ಎಳೆದ ಅಕ್ಷರಕ್ಕೆ ಬಣ್ಣ ತುಂಬಿದರು, ಕೊನೆಗೆ ತಾವೇ ಗೆರೆ ಎಳೆಯುವಷ್ಟಾದರು. ಅದರ ಮೇಲೆ ಇನ್ನೊಂದು ಮೆಟ್ಟಿಲು ಇದೆಯೆಂದು ನಮಗೆ ಗೊತ್ತಿರಲಿಲ್ಲ. ನನಗೆ ನಾಲ್ಕು ಅಕ್ಷರ ಬಂದದ್ದೂ ಅವರ ಗೋಡೆಗಳಿಂದಲೇ. ಮೊಳದುದ್ದದ ಅಕ್ಷರವಾದರೆ ಓದುತ್ತೇನೆ. ಕಾಗದದ ಮೇಲೆ ಇರುವೆ ಹರಿದ ಹಾಗೆ ಇರುವುದನ್ನು ಇವತ್ತಿಗೂ ನಂಬುವುದಿಲ್ಲ. ಈಗ ಬರೆಯುತ್ತಿರುವುದೂ ಹಾಗೇ, ಹಾಳೆಗೆ ಆರು ಸಾಲು. ಹಾಳೆ ಹಾಳಾಗುತ್ತವೆ ಎನ್ನುವವರು ತಮ್ಮ ಹಾಳೆ ತಾವು ನೋಡಿಕೊಳ್ಳಲಿ.

ಸಾಹೇಬರ ಪ್ರಶ್ನೆಗೆ ಬರುವ ಮುಂಚೆ ಗಬ್ಬೂರಿನ ಗೋಡೆಯ ಸಂಗತಿ ಹೇಳಬೇಕು. ಅದನ್ನು ಬಿಟ್ಟರೆ ಉಳಿದದ್ದು ತಿಳಿಯುವುದಿಲ್ಲ. ಒಂದು ವರ್ಷ ನಮ್ಮವರು ಗಬ್ಬೂರಿನಲ್ಲಿ ರಸ್ತೆಯ ಮಗ್ಗುಲಿಗೆ ಒಳ್ಳೆಯ ದೊಡ್ಡ ಗೋಡೆ ಕಂಡು ನಾಲ್ಕು ದಿನ ಕೂತು ಬರೆದರು. ಕೆಂಪು ನೆಲ, ನಡುವೆ ಬಿಳಿಯ ಕಪ್-ಬಸಿ, ಅದರಿಂದ ಸುರುಳಿ ಸುರುಳಿಯಾಗಿ ಏಳುವ ಹಬೆ, ಕೆಳಗೆ ಚಹಾದ ಹೆಸರು. ಹಬೆ ಬರೆಯುವುದರಲ್ಲಿ ಅವರ ಕೈ ಬಲು ಚಂದ. ಹದಿನೈದು ದಿನಕ್ಕೆ ಸಾಹೇಬರು ಜೀಪಿನಲ್ಲಿ ನೋಡಲು ಬಂದರು. ನೋಡಿದರೆ ಹೆಸರಿಲ್ಲ, ಕಪ್ಪಿಲ್ಲ, ಬಸಿಯಿಲ್ಲ. ಗೋಡೆ ತುಂಬ ಒಲೆಗೆ ಉರಿಸುವ ಸೆಗಣಿ ಕುಳ್ಳು ಬಡಿದಿದ್ದರು. ಕೈ ಎಟುಕದ ಕಡೆ ಮೇಲೆ ಹಬೆಯೊಂದು ಉಳಿದಿತ್ತು. ಈಗಷ್ಟೇ ಬಿಸಿಬಿಸಿ ಬಡಿದ ಕುಳ್ಳಿನಿಂದ ಹಬೆ ಏಳುತ್ತಿದೆ ಎನ್ನುವ ಹಾಗೆ ಕಾಣುತ್ತಿತ್ತಂತೆ.

"ನಮ್ಮ ಚಹಾ ಎಲ್ಲಿ?" ಎಂದರಂತೆ ಸಾಹೇಬರು.

ಮನೆಯ ಒಡತಿ ಈರಮ್ಮ ಸೆಗಣಿಯ ಕೈಯಲ್ಲೇ ಹೊರಗೆ ಬಂದಳಂತೆ. "ಯಾವ ಚಹಾ? ಗ್ವಾಡಿ ನಂದು, ಎಮ್ಮಿ ನಂದು, ಬಿಸಲು ದೇವರದು. ನಿಮ್ಮ ಚಿತ್ರಕ್ಕ ನನ್ನ ಒಲಿ ಉರೀತದೇನು? ಅಷ್ಟು ಬೇಕಾದ್ರ ಆ ಮ್ಯಾಲಿನ ಹೊಗಿ ಕೆತ್ತಿಕೊಂಡು ಒಯ್ರಿ."

ನಮ್ಮವರು ಮನೆಗೆ ಬಂದು ಇದನ್ನು ಹೇಳಿ ತಲೆ ಮೇಲೆ ಕೈ ಹೊತ್ತು ಕೂತರು. ನಾನು ನಕ್ಕುಬಿಟ್ಟೆ. ಅಳುವ ಗಂಡನ ಮುಂದೆ ನಗಬಾರದು ಎಂದು ನನಗೂ ಗೊತ್ತು, ಆದರೆ ಹಬೆಯ ಮಾತು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, "ಗ್ವಾಡಿ ಯಾವ ಕಡಿ ಮಾರಿ ಮಾಡ್ಯದ?" ಎಂದು ಕೇಳಿದೆ.

"ಪಡುವಣಕ್ಕ."

"ಮಧ್ಯಾಹ್ನದ ಬಿಸಲು ಬಡಿಯೋ ಗ್ವಾಡಿ ಯಾವಾಗಿದ್ರೂ ಕುಳ್ಳಿಂದರೀ. ನಾ ಆಗಿದ್ರೂ ಬಡೀತಿದ್ದೆ. ಹೆಣ್ಣುಮಕ್ಕಳ ಕೈ ಎಲ್ಲಿ ಮುಟ್ಟತದ, ಅಲ್ಲಿಂದ ಒಂದು ಗೇಣು ಮ್ಯಾಲ ಬರೀರಿ."

ಅಲ್ಲಿಂದ ನನಗೊಂದು ಉದ್ಯೋಗ ಬಂತು. ಹೊಸ ಊರಿಗೆ ಹೋಗುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾನೂ ಬಸ್ಸು ಹತ್ತುತ್ತಿದ್ದೆ. ಗೋಡೆಗೆ ಒರಗಿ ನಿಂತು ಕೈ ಎತ್ತುತ್ತಿದ್ದೆ. ನನ್ನ ಬೆರಳ ತುದಿಗೆ ನಮ್ಮವರು ಇದ್ದಿಲಿನ ಗೆರೆ ಹಾಕಿ, ಒಂದು ಗೇಣು ಬಿಟ್ಟು ಬಣ್ಣ ಶುರುಮಾಡುತ್ತಿದ್ದರು. ಕೈ ಎತ್ತಿ ನಿಂತವಳಿಗೆ ಬಾಯಿ ಸುಮ್ಮನಿರುತ್ತದೆಯೇ? ಬಸ್‌ಸ್ಟ್ಯಾಂಡಿನ ಗೋಡೆ ಬೇಡ, ಅಲ್ಲಿ ಎಲ್ಲರ ಕಣ್ಣು ಬಸ್ಸಿನ ಮೇಲಿರುತ್ತದೆ, ಗಿರಣಿಯ ಎದುರಿನ ಗೋಡೆ ಹಿಡಿಯಿರಿ, ಹಿಟ್ಟು ಬೀಸಿಸಲು ಬಂದವರು ಪಾಳಿ ಬರುವ ತನಕ ಗೋಡೆಯನ್ನಲ್ಲದೆ ಇನ್ನೇನು ನೋಡಬೇಕು ಎನ್ನುತ್ತಿದ್ದೆ. ಕಪ್-ಬಸಿ ಅಳಿಸಿ ಕೆಂಪು ಪಾಕೀಟು ಬರೆಸಿದವಳೂ ನಾನೇ. ಅವರು ಎಲ್ಲದಕ್ಕೂ "ಹೂಂ ಬೇ" ಎನ್ನುತ್ತಿದ್ದರು. ಎರಡು ವರ್ಷದಲ್ಲಿ ಅವರ ಊರುಗಳಲ್ಲಿ ಚಹಾ ಹೆಚ್ಚು ಖರ್ಚಾಗುತ್ತದೆ ಎಂದು ಸಾಹೇಬರಿಗೂ ಗೊತ್ತಾಯಿತು. ಯಾಕೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಒಂದು ಗೇಣು ಮೇಲೆ ಎಂದವಳು ನಾನು. ಒಂದು ಗೇಣು ಮೇಲೆ ಹತ್ತುವವರು ಅವರು. ಮಾನ್ವಿಯಲ್ಲಿ ಗಿರಣಿಯ ಎದುರು ಏಣಿಯ ಕೊನೆಯ ಮೆಟ್ಟಿಲಿನಿಂದ ಬಿದ್ದರು. ಬಿದ್ದು ಎದ್ದು, ಅಂಗಿ ಝಾಡಿಸಿಕೊಂಡು, ಮತ್ತೆ ಹತ್ತಿ ಪಾಕೀಟಿನ ಮೂಲೆ ಮುಗಿಸಿ ಬಂದರು. ಕಂಪನಿಗೆ ಹೇಳಲಿಲ್ಲ, ನನಗೂ ಹೇಳಲಿಲ್ಲ. ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿಯುವುದನ್ನು ನೋಡಿ ಬಲಗಾಲಿನ ಮೊಣಕಾಲು ಹೋಗಿದೆ ಎಂದು ನಾನೇ ತಿಳಿದುಕೊಂಡೆ, ಬಿದ್ದ ಸುದ್ದಿ ಆಮೇಲೆ ಗಿರಣಿಯವರಿಂದ ಗೊತ್ತಾಯಿತು. ನನ್ನ ಬುದ್ಧಿವಂತಿಕೆಯ ಫಲ ಎಲ್ಲಿಗೆ ಬಂತು ನೋಡಿ.

ಈಗ ಸಾಹೇಬರ ಪ್ರಶ್ನೆ. ಕಂಪನಿಯವರು ಒಬ್ಬನನ್ನು ಕಾಯಂ ನೌಕರಿಗೆ ತೆಗೆದುಕೊಳ್ಳುವವರಿದ್ದರು. ಯಾವ ಊರಲ್ಲಿ ಯಾವ ಗೋಡೆ, ಅದರ ಮೇಲೆ ಯಾವ ಮಾತು, ಯಾವ ಚಿತ್ರ ಎಂದು ಅವನು ಯೋಚಿಸಬೇಕು. ಏಣಿಯನ್ನು ಬೇರೆಯವರು ಹತ್ತುತ್ತಾರೆ. ತಿಂಗಳ ಪಗಾರ, ಕೂಡಲು ಕುರ್ಚಿ ಎಂದೆಲ್ಲ ನಮ್ಮವರು ಹೇಳಿದರು. ನನಗೆ ಕೇಳಿಸಿದ್ದು ಏಣಿಯ ಮಾತೊಂದೇ. ಆ ಏಣಿಯಿಂದ ಈ ಮನುಷ್ಯನನ್ನು ಇಳಿಸಬೇಕು, ಅಷ್ಟೇ.

ಸೋಮವಾರಕ್ಕೆ ಮೂರು ದಿನ ಇತ್ತು. ಅಂಗಳದಲ್ಲಿ ಬಣ್ಣದ ಡಬ್ಬಿ ಬೋರಲು ಹಾಕಿ ನಾನು ಸಾಹೇಬಳಾಗಿ ಕೂತೆ. ಅವರನ್ನು ಎದುರಿಗೆ ನಿಲ್ಲಿಸಿ, "ಗ್ವಾಡಿ ಹೆಂಗ ಆರಸ್ತೀರಿ?" ಎಂದು ಕೇಳಿದೆ.

"ನಮ್ಮಾಕಿ ಕೈ ಎತ್ತತಾಳರೀ, ಆಮ್ಯಾಲ..."

"ನಮ್ಮಾಕಿ ಅನಬ್ಯಾಡ್ರಿ! ನಾನು ಅನ್ರಿ. ನಾನು ಲೆಕ್ಕ ಹಾಕ್ತೀನಿ ಅನ್ರಿ."

"ನಾನು ಲೆಕ್ಕ ಹಾಕ್ತೀನಿ," ಎಂದರು, ಸಂಕಟದಿಂದ. "ಗೆರಿ ಎಲ್ಲಿ ಹಾಕಬೇಕಂತ ನಮ್ಮಾಕಿನ್ನ ಕೇಳಿ..."

"ಹೆಂಡತಿ ಬುದ್ಧಿ ಹೇಳ್ತಾಳಂತ ತಿಳದ್ರ ನಿಮಗ ಕುರ್ಚಿ ಯಾರು ಕೊಡ್ತಾರ? ಮೊಣಕಾಲಿನ ಸುದ್ದೀನೂ ಎತ್ತಬ್ಯಾಡ್ರಿ. ಕುಂಟನ್ನ ತಗೊಂಡು ಏನು ಮಾಡೋದು ಅಂತಾರ."

"ಸುಳ್ಳು ಆಗ್ತದಲ್ಲ ಬೇ."

"ಆಗ್ಲಿ."

ಸುಳ್ಳು ಹೇಳಲು ನನಗೆ ಬಾರದು, ಹೇಳಿಸಲು ಮಾತ್ರ ಬರುತ್ತದೆ. ಆದಿತ್ಯವಾರ ಸಂಜೆಯ ಹೊತ್ತಿಗೆ ಅವರು ತಪ್ಪಿಲ್ಲದೆ ಹತ್ತು ಸಲ "ನಾನು" ಎಂದರು. ಐದು ವರ್ಷದ ಪ್ರಶ್ನೆಗೂ ಉತ್ತರ ಬಾಯಿಪಾಠ ಮಾಡಿಸಿದೆ: "ಮೂರು ತಾಲೂಕಿನಾಗ ನಿಮ್ಮ ಚಹಾ ಇಲ್ಲದ ಮನಿ ಇರಬಾರದು, ಅದನ್ನ ಮಾಡೋ ಮನಷ್ಯಾ ಆಗಬೇಕಂತೀನ್ರಿ." ಎಮ್ಮೆಗೆ ಮೇವು ಹಾಕುವಾಗಲೂ ಅದನ್ನೇ ಅನ್ನುತ್ತಿದ್ದರು.

ಸೋಮವಾರ ನಾನೂ ಜೊತೆಗೆ ಹೋದೆ. ಅವರು ಒಳಗೆ ಹೋದರು, ನಾನು ಆಫೀಸಿನ ಎದುರಿನ ಬೇವಿನ ಗಿಡದ ಕೆಳಗೆ ಕೂತೆ. ತುಸು ಹೊತ್ತಿಗೆ ಜವಾನ ಹೊರಗೆ ಬಂದು, "ಇಲ್ಲಿ ಬಸಮ್ಮ ಅನ್ನೋರು ಯಾರ್ರೀ?" ಎಂದು ಕೂಗಿದ. ನನ್ನ ಹೆಸರು ಆ ಕೋಣೆಯಿಂದ ಹೊರಗೆ ಬಂತೆಂದರೆ ಕೆಲಸ ಕೆಟ್ಟಿತು ಎಂದೇ ಅರ್ಥ.

ಒಳಗೆ ಹೋದೆ. ನಮ್ಮವರು ಸಾಲಿಯ ಹುಡುಗನ ಹಾಗೆ ನೆಲ ನೋಡುತ್ತಿದ್ದರು. "ಹತ್ತು ಸಲ ಬಂದಿತ್ತು ಬೇ, ಹನ್ನೊಂದನೇ ಸಲ ಬರಲಿಲ್ಲ" ಎಂದು ಮೆಲ್ಲಗೆ ಅಂದರು.

ಸಾಹೇಬರು ಎದ್ದು ನಿಂತರು. "ಎಲ್ಲಿ ಬಸಮ್ಮ, ಗೋಡೆಗೆ ನಿಂತು ಕೈ ಎತ್ತಿ ನೋಡೋಣ." ಕಳ್ಳಿಯ ಹಾಗೆ ಕೈ ಎತ್ತಿ ನಿಂತೆ. ಸಾಹೇಬರು ಟೇಪು ತಂದು ಅಳೆದು ಪುಸ್ತಕದಲ್ಲಿ ಬರೆದುಕೊಂಡರು. "ಕಪ್-ಬಸಿ ಬೇಡ, ಪಾಕೀಟು ಬರೀರಿ ಅಂದಿದ್ದೂ ನೀವೇನಾ?"

"ಕಪ್-ಬಸಿ ಎಲ್ಲಾರ ಮನ್ಯಾಗ ಅದಾವ್ರಿ ಸಾಹೇಬ್ರ. ಅಂಗಡಿಗೆ ಹೋಗಿ ಕಪ್ ಕೊಡಂತ ಯಾರೂ ಅನ್ನಂಗಿಲ್ಲ. ಆ ಕೆಂಪು ಪಾಕೀಟ ಕೊಡು ಅಂತಾರ."

"ನಮ್ಮ ಚಹಾ ಹೇಗಿದೆ?"

"ಬೆಲ್ಲ ಜಾಸ್ತಿ ಹಾಕಿದ್ರ ಕುಡೀಬಹುದ್ರಿ."

ನಮ್ಮವರು ಕಣ್ಣು ಮುಚ್ಚಿಕೊಂಡರು. ಸಾಹೇಬರು ನಗುತ್ತ ಕೂತು, ಆ ಹಾಳು ಪ್ರಶ್ನೆಯನ್ನು ನನ್ನ ಕಡೆಗೆ ತಿರುಗಿಸಿದರು. "ಐದು ವರ್ಷಕ್ಕೆ ನೀವು ಏನಾಗಬೇಕು ಅಂತ ಇದ್ದೀರಿ ಬಸಮ್ಮ?"

ಬಾಯಿಪಾಠ ಮಾಡಿಸಿದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ. "ನಾ ಏನಾಗ್ಲಿ ಸಾಹೇಬ್ರ? ಇದ್ದಂಗ ಇರ್ತೀನಿ. ಇವರನ್ನ ಏಣಿ ಇಳಸ್ರಿ. ಮಾನ್ವ್ಯಾಗ ಬಿದ್ದು ಮೊಣಕಾಲ ಹೋಗ್ಯದ. ಒಂದು ಗೇಣು ಮ್ಯಾಲ ಬರೀರಿ ಅಂದಾಕಿ ನಾನ."

ನನ್ನನ್ನು ಮುಚ್ಚಿಡಬೇಕಾದವರು ನನ್ನನ್ನು ಹೇಳಿದರು. ಮೊಣಕಾಲು ಮುಚ್ಚಿಡಬೇಕಾದವಳು ಮೊಣಕಾಲು ಹೇಳಿದೆ. ಮೂರು ದಿನದ ಪಾಠ ಹಾಗೆ ತೊಳೆದು ಹೋಯಿತು. ಸಾಹೇಬರು ಪುಸ್ತಕದಲ್ಲಿ ಇನ್ನೇನೋ ಬರೆದುಕೊಂಡರು. ಆಮೇಲೆ, "ಕಾಗದ ಕಳಿಸುತ್ತೇನೆ, ಹೋಗಿ ಬನ್ನಿ" ಎಂದರು. ದಾರಿಯುದ್ದಕ್ಕೂ ನಾನು ಬೈದೆ. ಅವರು ಒಂದೇ ಮಾತು ಅಂದರು: "ಮಾನ್ವ್ಯಾಗ ಬಿದ್ದಿದ್ದು ನಿನಗ ಹೆಂಗ ಗೊತ್ತಾತು ಬೇ?" ಅದಕ್ಕೂ ಬೈದೆ.

ಕಾಗದ ಬಂತು. ಕುರ್ಚಿ ಸಿಕ್ಕಿತು. ಕಾಗದದಲ್ಲಿ ಅವರ ಹೆಸರೊಂದೇ ಇತ್ತು, ಹೆಂಡತಿಗೆ ಎಂದು ಕಂಪನಿಯಲ್ಲಿ ಯಾವ ಹುದ್ದೆಯೂ ಇರಲಿಲ್ಲ. ಇರುವೆಯಂಥ ಅಕ್ಷರ, ನನಗೆ ಓದಲು ಬರಲಿಲ್ಲ, ಮಡಚಿ ಡಬ್ಬಿಯಲ್ಲಿಟ್ಟೆ. ಏಣಿ ಮುಟ್ಟುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡೆ. ಮರುದಿನ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ, ಕುಳ್ಳು ಬಡಿಯಲು ನಾನು ಇಟ್ಟುಕೊಂಡಿದ್ದ ಹಿತ್ತಲಿನ ಗೋಡೆಗೆ ಸುಣ್ಣ ಬಳಿದು, ಮೊಳದುದ್ದದ ಕೆಂಪು ಅಕ್ಷರದಲ್ಲಿ ಬರೆದುಬಿಟ್ಟಿದ್ದರು: ಬಸಮ್ಮ. ಏಣಿ ಹತ್ತುವ ಹಾಗಿಲ್ಲವಲ್ಲ, ನೆಲದ ಮೇಲೆ ನಿಂತೇ ಬರೆದಿದ್ದರು. ಸರಿಯಾಗಿ ನನ್ನ ಕೈ ಮುಟ್ಟುವ ಜಾಗದಲ್ಲಿ. ಮೂರು ತಾಲೂಕಿನ ಗೋಡೆ ಆರಿಸುವ ನೌಕರಿ ಸಿಕ್ಕ ಮರುದಿನವೇ ಮನುಷ್ಯ ತಪ್ಪು ಗೋಡೆ ಆರಿಸಿದ. ಅದೂ ಪಡುವಣದ ಗೋಡೆ, ಒಳ್ಳೆಯ ಬಿಸಿಲು.

ಬುಟ್ಟಿ ತುಂಬ ಸೆಗಣಿ ಕಲಸಿ ಗೋಡೆಯ ಮುಂದೆ ನಿಂತೆ. ನಿಂತೇ ಇದ್ದೆ. ಆಮೇಲೆ ಅದನ್ನೆಲ್ಲ ಒಯ್ದು ತಿಪ್ಪೆಗೆ ಹಾಕಿದೆ.

ಆ ಮಳೆಗಾಲ ಒಲೆಗೆ ಕುಳ್ಳು ಸಾಲಲಿಲ್ಲ. ಗಬ್ಬೂರಿಗೆ ಹೋಗಿ ಈರಮ್ಮನನ್ನೇ ಕೇಳಿ ಎರಡು ಚೀಲ ಕುಳ್ಳು ಬಸ್ಸಿನ ಮೇಲೆ ಹೇರಿಕೊಂಡು ಬಂದೆ. "ಯಾಕ ಬೇ, ನಿನ್ನ ಗ್ವಾಡಿಗೇನಾಗ್ಯದ?" ಎಂದಳು ಈರಮ್ಮ.

"ನಮ್ಮ ಗ್ವಾಡಿಗೆ ಬಿಸಲು ಬೀಳಂಗಿಲ್ಲ" ಎಂದೆ. ಮೂರು ದಿನ ಡಬ್ಬಿಯ ಮೇಲೆ ಕೂತು ಗಂಡನಿಗೆ ಸುಳ್ಳು ಕಲಿಸಿದವಳು ನಾನು. ನನಗೆ ಮಾತ್ರ ಅದು ಒಂದೇ ಸಲಕ್ಕೆ ಬಂತು.