ಕಾಲುವೆಗೆ ಇಳಿದ ಕಥೆಗಾರ

ಭಯವನ್ನು ಗೆಲ್ಲುವುದು ಹೇಗೆ ಎಂಬ ವಿಷಯದಲ್ಲಿ ರಾಯಚೂರಿನಲ್ಲಿ ನನ್ನಷ್ಟು ಬಲ್ಲವರು ಬೇರೆ ಇರಲಿಲ್ಲ. ಎಂಬತ್ತರ ದಶಕದ ಆರಂಭದ ಮಾತು. ಹಗಲು ಹತ್ತಿ ಅಂಗಡಿಯಲ್ಲಿ ಗುಮಾಸ್ತಿಕೆ, ಸಂಜೆ ಚರ್ಚಿನ ಸೈಕ್ಲೋಸ್ಟೈಲ್ ಪತ್ರಿಕೆಗೆ ಪತ್ತೇದಾರಿ ಧಾರಾವಾಹಿ. ಶುದ್ಧ ಕ್ರೈಸ್ತ ಪತ್ತೇದಾರಿ: ಕೊಲೆ ಇಲ್ಲ, ಬೈಗುಳ ಇಲ್ಲ. ಖಳನಾಯಕ ಸಿಗರೇಟು ಸೇದುವುದು ಚರ್ಚಿನವರಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ಅವನು ಸಿಟ್ಟು ಬಂದಾಗಲೆಲ್ಲ ಹುರಿಗಡಲೆ ತಿನ್ನುತ್ತಿದ್ದ.

ನಾಯಕ ಸಮುವೇಲನಿಗೆ ನೀರೆಂದರೆ ಭಯ. ಅವನ ತಂಗಿಯನ್ನು ಕಾಲುವೆಯ ಆಚೆ ಕೂಡಿಹಾಕಿದ್ದಾರೆ. ಇವನು ಪ್ರಾರ್ಥನೆ ಮಾಡಿ ನೀರಿಗೆ ಇಳಿಯುತ್ತಾನೆ. ಆ ಭಯವನ್ನು ನಾನು ಚೆನ್ನಾಗಿ ಬರೆದೆ, ಏಕೆಂದರೆ ಅದು ನನ್ನದೇ. ಇಳಿಯುವುದು ಮಾತ್ರ ಅವನದು. ಎಳೆಗೂಸಾಗಿದ್ದಾಗ ನನ್ನ ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿ ದೀಕ್ಷಾಸ್ನಾನ ಮುಗಿಸಿದ್ದರು. ಅದಕ್ಕೇ ಚರ್ಚಿನ ಸೂರು ಹಾರಿಹೋಗುವಂತೆ ಅತ್ತಿದ್ದೆನಂತೆ. ಈ ಭಯದ ಸುದ್ದಿ ಹೆಂಡತಿ ಎಸ್ತೇರಳನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ದಿನ ಮಾನ್ವಿ ತಾಲ್ಲೂಕಿನ ಮಲ್ಲಟದಿಂದ ಅಲ್ಲಿಯ ಪಾಸ್ಟರು ಮನೆಗೆ ಬಂದರು. ಅವರ ಸಭೆಯಲ್ಲಿ ಹನಿ ಚಿಮುಕಿಸುವುದಿಲ್ಲ, ಕಾಲುವೆಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಮುಳುಗಿದವರು ಮೇಲೆದ್ದ ಕೂಡಲೇ ದಂಡೆಯ ಮೇಲಿದ್ದವರೆಲ್ಲ ಹಾಡು ಎತ್ತುವುದು ಪದ್ಧತಿ.

"ನಮ್ಮ ಮಾರ್ತವ್ವ ನೀರಿಗಿ ಅಂಜಿ ವರ್ಷಾನುಗಟ್ಲೆ ಮುಂದ ಹಾಕ್ಯಾಳ್ರಿ," ಎಂದರು. "ಸೊಸಿ ಕಡಿಂದ ನಿಮ್ಮ ಕಥಿ ಓದಿಸಿ ಕೇಳ್ಯಾಳ. ಬರದವ್ರು ನೀರಾಗ ನನ್ನ ಕೈ ಹಿಡದ್ರ ಮುಳುಗ್ತೀನಿ, ಇಲ್ಲಾಂದ್ರ ಇಲ್ಲ ಅಂತಾಳ. ವಯಸ್ಸಾಗ್ಯಾದ. ಅದೊಂದ ಆಸಿ ಉಳದದ ಆಕಿಗಿ."

"ಅದಕ್ಕೇನ್ರಿ, ಬರ್ತೀನಿ," ಎಂದೆ. ಆ ಮಾತು ನನ್ನ ಬಾಯಿಂದಲೇ ಬಂದದ್ದು ಎಂಬುದು ಆಮೇಲೆ ತಿಳಿಯಿತು.

ಪಾಸ್ಟರು ಬೀದಿ ತಿರುಗಿದ ಮೇಲೆ ಎಸ್ತೇರ್ ಕೇಳಿದಳು: "ಕೃಷ್ಣಾ ಸೇತುವಿ ಮ್ಯಾಲ ಬಸ್ ಹೋದ್ರ ಕಣ್ಣು ಮುಚ್ಕೊಳ್ಳೋರು ನೀವು. ಕಾಲುವ್ಯಾಗ ಇಳೀತೀರಿ?"

"ಅಭ್ಯಾಸ ಮಾಡ್ತೀನಿ."

ಅಭ್ಯಾಸವನ್ನು ಬಚ್ಚಲಿನಲ್ಲಿ ವಿಧ್ಯುಕ್ತವಾಗಿ ಆರಂಭಿಸಲಾಯಿತು. ಬಕೆಟ್ಟಿನಲ್ಲಿ ಮುಖ ಮುಳುಗಿಸುವುದು ಮೊದಲ ಪಾಠ. ಮೂಗಿಗೆ ನೀರು ಹೋಗಿ ನಾನು ಕೆಮ್ಮಿದ ಸದ್ದಿಗೆ ಪಕ್ಕದ ಮನೆಯ ಖಾಲಾ ಗೋಡೆಯಾಚೆಯಿಂದ ಕೇಳಿದರು: "ಎಸ್ತೇರ್ ಬೇಟಿ, ಯಾರಿಗಿ ಆರಾಮ ಇಲ್ಲ?"

"ಏನೂ ಆಗಿಲ್ಲ ಖಾಲಾ, ನಮ್ಮವ್ರು ಮುಖ ತೊಳಕೊಳ್ಳಾಕತ್ತಾರ."

ಎರಡನೆಯ ಪಾಠ ನಡೆಯಲಿಲ್ಲ.

ದೀಕ್ಷಾಸ್ನಾನದ ದಿನ ಮಾರ್ತವ್ವ ಬಿಳಿ ಸೀರೆಯುಟ್ಟು ಕಾಲುವೆಯ ದಂಡೆಯ ಮೇಲೆ ನಡುಗುತ್ತ ನಿಂತಿದ್ದಳು. ನನ್ನ ಕೈ ಹಿಡಿದುಕೊಂಡಳು. "ಯಪ್ಪಾ, ನೀ ಅದಿ ಅಂತ ಬಂದೀನಿ. ಬಿಡಬ್ಯಾಡ."

"ಬಿಡೂದಿಲ್ಲ ಯವ್ವಾ."

ಕೊಟ್ಟ ಮಾತನ್ನು ಅಕ್ಷರಶಃ ಪಾಲಿಸಿದೆ. ಪಾಸ್ಟರು ಮೊದಲು ಇಳಿದು, ಆ ಕಡೆ ತಿರುಗಿ, ಕಣ್ಣು ಮುಚ್ಚಿ ಪ್ರಾರ್ಥನೆಗೆ ನಿಂತರು. ನಾನು ಮೆಟ್ಟಿಲಿನ ಪಾಚಿಯ ಮೇಲೆ ಕಾಲಿಟ್ಟೆ. ಆಮೇಲೆ ಆಕಾಶ ಕಂಡಿತು. ಆಮೇಲೆ ಅದೂ ಕಾಣಲಿಲ್ಲ!

ತಲೆ ನೀರಿನಿಂದ ಮೇಲೆ ಬಂದಾಗ "ಹಿಡೀರ್ರೀ" ಎಂದು ಕೂಗಿದೆ. ಆದರೆ ದಂಡೆಯವರಿಗೆ ಕಂಡದ್ದು ಇಷ್ಟೇ: ಪಾಸ್ಟರ ಪಕ್ಕದಲ್ಲಿ ಒಬ್ಬರು ಮುಳುಗಿದರು, ಎದ್ದರು. ಪದ್ಧತಿಯಂತೆ ಹಾಡು ಎತ್ತಿದರು. ದಮ್ಮಡಿಯ ಬಡಿತವೂ ಸೇರಿತು. ನನ್ನ ಕೂಗು ಯಾರಿಗೂ ಕೇಳಲಿಲ್ಲ. ಮತ್ತೆ ಮುಳುಗಿ ಎದ್ದೆ. ಎರಡನೆಯ ಚರಣ ಇನ್ನೂ ಜೋರಾಯಿತು. ಸಭೆ ಅಷ್ಟು ಹುಮ್ಮಸ್ಸಿನಿಂದ ಎಂದೂ ಹಾಡಿರಲಿಲ್ಲವಂತೆ. ನಾನು ನಡುನಡುವೆ ಕೇಳಿಸಿಕೊಂಡೆ.

ಆಗ ಯಾರೋ ನನ್ನ ಕೂದಲು ಹಿಡಿದು ಎಳೆದರು. ಮಾರ್ತವ್ವ. ನಾನು ಕೈ ಬಿಡದ ಕಾರಣ ಅವಳೂ ನನ್ನ ಹಿಂದೆಯೇ ನೀರಿಗೆ ಬಂದಿದ್ದಳು. ಸೊಂಟದಷ್ಟು ನೀರಿನಲ್ಲಿ ನೆಟ್ಟಗೆ ನಿಂತಿದ್ದಳು.

"ಕಾಲು ಊರೋ ಯಪ್ಪಾ, ನೆಲ ಅದ."

ಊರಿದೆ. ಇತ್ತು.

"ಪಾಸ್ಟರಪ್ಪಾ, ಇವ್ರನ್ನ ಮೊದ್ಲ ದಂಡಿಗಿ ಕಳಸ್ರಿ. ನಂದು ಮುಗಸೂಣು."

ಅವಳ ನಡುಕ ಹೋಗಿತ್ತು. ಯಾರ ಕೈಯನ್ನೂ ಹಿಡಿಯದೆ ಮುಳುಗಿ ಎದ್ದಳು. ಟವೆಲ್ಲು ಹೊದ್ದು ಹಲ್ಲು ಕಟಕಟಿಸುತ್ತ ಕೂತಿದ್ದ ನನಗೂ ಆ ಮುಖ ನೋಡಿ ಬಹಳ ಸಂತೋಷವಾಯಿತು. ಹಾಡಲು ಮಾತ್ರ ದಂಡೆಯವರಲ್ಲಿ ದಮ್ಮು ಉಳಿದಿರಲಿಲ್ಲ.

ಮರುವರ್ಷ ಪಾಸ್ಟರು ಮತ್ತೆ ಬಂದರು. "ಗಬ್ಬೂರಿಂದ ಇಬ್ರು ಬರಾಕತ್ತಾರ್ರಿ, ನೀರಿಗಿ ಭಾಳ ಅಂಜ್ತಾರ. ನೀವು ಬರಲೇಬೇಕು."

ನನ್ನ ಎದೆ ಉಬ್ಬಿತು. "ಅವ್ರೂ ನನ್ನ ಕಥಿ ಓದ್ಯಾರೇನ್ರಿ?"

"ಇಲ್ರಿ. ಮಾರ್ತವ್ವ ಹೇಳಿ ಕಳಸ್ಯಾಳ. ಕಥಿ ಬರದವ್ರು ನೀರಿಗಿ ಇಳಿಯೂದು ಒಂದ್ಸಲ ನೋಡಿದ್ರ ಯಾರಿಗೂ ತಮ್ಮ ಅಂಜಿಕಿ ನೆನಪಿರೂದಿಲ್ಲಂತ."

ಎಸ್ತೇರ್ ಒಳಗೆ ಹೋಗಿ ನನ್ನ ಚೀಲಕ್ಕೆ ಟವೆಲ್ಲು, ಧೋತರ ಇಟ್ಟಳು. ಸ್ವಲ್ಪ ಯೋಚಿಸಿ ಇನ್ನೊಂದು ಧೋತರ ಇಟ್ಟಳು.