ಬೆರಳುದ್ದದ ಚಾಕು

ಕೆಲವರಿಗೆ ಸೈಟು ತಗೊಳ್ಳುವ ಆಸೆ, ಕೆಲವರಿಗೆ ಬಡ್ತಿಯ ಆಸೆ. ಅದನ್ನು ಹೇಳಿಕೊಂಡರೆ ಯಾರೂ ನಗುವುದಿಲ್ಲ. ನನಗೆ ಮಾತ್ರ ಆಸೆ ಹುಟ್ಟುವುದೇ ನಾಲ್ಕು ಜನ ನಗುವಂಥ ವಸ್ತುವಿನ ಮೇಲೆ, ಹಾಗಾಗಿ ನನ್ನ ಬದುಕಿನಲ್ಲಿ ಇಂಥ ಪ್ರಸಂಗಗಳು ತಾವಾಗಿಯೇ ಬಂದು ಸೇರಿಕೊಳ್ಳುತ್ತವೆ. ಅರಸೀಕೆರೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟಪಾಲು ಗುಮಾಸ್ತ. ಬಂದ ಲಕೋಟೆಗಳನ್ನು ತುಕ್ಕು ಹಿಡಿದ ಅರ್ಧ ಬ್ಲೇಡಿನಲ್ಲಿ ಕುಯ್ಯುತ್ತಾ ನೆಮ್ಮದಿಯಾಗಿಯೇ ಇದ್ದೆ, ಆ ಚಾಕು ಕಾಣುವವರೆಗೆ.

ಹುಲ್ಲಿನ ಮೇಲೆ ಸೀಬೆಹಣ್ಣು

ತೊಂಬತ್ತರ ದಶಕದ ನಡುವಿನ ಮಾತು. ಸಾಹೇಬರ ಮನೆಗೆ ಯಾರೇ ನೆಂಟರು ಬಂದರೂ ಅವರನ್ನು ಬೇಲೂರು ಹಳೇಬೀಡಿಗೆ ಕರೆದೊಯ್ಯುವುದು ನನ್ನ ಪಾಲಿಗೆ ಬರುತ್ತಿತ್ತು. ಅಲ್ಲಿ ಒಬ್ಬ ಗೈಡು ನನಗೆ ಪರಿಚಯ, ಅದೇ ತಪ್ಪಾಗಿದ್ದು. ಒಂದು ಸಲ ಹಳೇಬೀಡಿನಲ್ಲಿ ನೆಂಟರು ಗೋಡೆಯ ಆನೆಗಳನ್ನು ಎಣಿಸುತ್ತಿದ್ದರು. ನಾನು ಕೆರೆ ಕಾಣುವ ಕಡೆ ಹುಲ್ಲಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ವಿದೇಶಿ ಗಂಡ, ಹೆಂಡತಿ. ಅವನು ಅಂಗಿ ಜೇಬಿನಿಂದ ಬೂದು ಬಣ್ಣದ ಏನನ್ನೋ ತೆಗೆದು ಹೆಬ್ಬೆರಳಲ್ಲಿ ಒತ್ತಿದ. ಟಕ್ ಅಂತ ಚಾಕು ಬಿಚ್ಚಿಕೊಂಡಿತು. ಸೀಬೆಹಣ್ಣನ್ನು ಎರಡು ಹೋಳು ಮಾಡಿ ಒಂದನ್ನು ಹೆಂಡತಿಗೆ ಕೊಟ್ಟ. ಇಬ್ಬರೂ ಕೆರೆ ನೋಡುತ್ತಾ, ಒಂದು ಮಾತೂ ಆಡದೆ, ನಿಧಾನವಾಗಿ ತಿಂದರು.

ಗೈಡನ್ನು ಕರೆದು, ಅದೇನು ಅಂತ ಆ ವಿದೇಶಿಯ ಹತ್ತಿರ ಕೇಳಿಸಿದೆ. ಅದು ಟೈಟೇನಿಯಂ ಅಂತೆ, ವಿಮಾನಕ್ಕೆ ಹಾಕುವ ಲೋಹವಂತೆ. ಆ ಪುಣ್ಯಾತ್ಮ ನನ್ನ ಕೈಗೂ ಕೊಟ್ಟ. ಬೆರಳುದ್ದ, ತೂಕವೇ ಇಲ್ಲ. ಹಿಂದೆ ಮುಂದೆ ತಿರುಗಿಸಿ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕೊನೆಗೆ ಗೈಡು ಕಿವಿಯಲ್ಲಿ ಹೇಳಿದ:

“ಸಾರ್, ವಾಪಸ್ ಕೊಟ್ಬಿಡಿ. ಆಯಮ್ಮ ಪರ್ಸನ್ನ ಆಗ್ಲೇ ಎರಡೂ ಕೈಲಿ ಹಿಡ್ಕೊಂಡಿದಾರೆ.”

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ವರ್ಣಿಸಿದೆ. ಅವಳು ಗಂಡಸಿ ಊರಿನ ಕಡೆಯವಳು, ಮಾತು ನೇರ. “ಸೀಬೆಹಣ್ಣು ತಿನ್ನೋಕೆ ಚಾಕು ಯಾಕ್ರೀ, ಅವರಿಗೆ ಹಲ್ಲಿಲ್ವಾ?” ಅಂದಳು. ಆಮೇಲೆ, “ಊರವರನ್ನೆಲ್ಲ ಹಳೇಬೀಡಿಗೆ ಕರ್ಕೊಂಡು ಹೋಗ್ತೀರಿ, ನನ್ನೂ ಒಂದ್ಸಲ ಕರ್ಕೊಂಡು ಹೋಗಿ” ಅಂದಳು.

“ಅದು ಸರ್ಕಾರಿ ಜೀಪು ಕಣೇ” ಅಂದೆ.

“ಬಸ್ಸು ಯಾರದ್ದು?” ಅಂದಳು.

ಹೆದರಿಸದ ಚಾಕು

ಪೇಟೆಯಲ್ಲಿ ಹುಡುಕಿದೆ. ನಮ್ಮದು ತೆಂಗಿನ ಸೀಮೆ. ಕಬ್ಬಿಣದ ಅಂಗಡಿಯವರು ಚಾಕು ಅಂದ ತಕ್ಷಣ ಮೊಳದುದ್ದದ ಮಚ್ಚು ತೆಗೆದು ಮುಂದಿಟ್ಟರು.

“ಎಷ್ಟು ಮರ ಐತೆ ಸ್ವಾಮಿ?”

“ಮರ ಇಲ್ಲ. ಆಫೀಸಿಗೆ ಬೇಕಿತ್ತು.”

ಅವರು ಮಚ್ಚನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ನಾನು ಬಿಡಿಸಿ ಹೇಳಿದೆ. ಮಡಚುವಂತಿರಬೇಕು, ಜೇಬಿನಲ್ಲಿಟ್ಟರೆ ಕಾಣಬಾರದು, ಭಾರ ಇರಬಾರದು, ಮೇಜಿನ ಮೇಲಿಟ್ಟರೆ ನೋಡಿದವರು ಹೆದರಬಾರದು.

“ಹೆದರಬಾರ್ದು ಅಂದ್ರೆ ಚಾಕು ಯಾಕೆ ಸ್ವಾಮಿ?” ಅಂದರು. “ಪಕ್ಕದಂಗಡೀಲಿ ಚಮಚ ಸಿಗ್ತದೆ, ನೋಡಿ.”

ಕೊನೆಗೆ ಸಿಕ್ಕಿದ್ದು ಪುಟ್ಟ ಚಾಕು ಜೋಡಿಸಿದ ಒಂದು ನೇಲ್ ಕಟ್ಟರು. ಅದರ ಚಾಕು ಮೂರನೇ ದಿನಕ್ಕೆ ಕಿತ್ತು ಬಂತು. ನೇಲ್ ಕಟ್ಟರು ಮಾತ್ರ ಗಟ್ಟಿ. ಇಡೀ ಆಫೀಸಿನ ಉಗುರು ನನ್ನ ಮೇಜಿನ ಮೇಲೆ ಬೀಳತೊಡಗಿತು. ಟಪಾಲು ಪುಸ್ತಕ ಬಿಚ್ಚುವ ಮುಂಚೆ ಒಂದು ಸಲ ಕೊಡವಬೇಕಾಗುತ್ತಿತ್ತು. ನಾನು ಕೊಡವುತ್ತಿದ್ದೆ, ಮನಸ್ಸು ಆ ಬೂದು ಚಾಕುವಿನ ಹತ್ತಿರ ಇರುತ್ತಿತ್ತು.

ಫೋನು

ಹಳೇಬೀಡಿಗೆ ಹೋದಾಗಲೆಲ್ಲ ಗೈಡಿಗೆ ನೆನಪಿಸುತ್ತಿದ್ದೆ: ಯಾರಾದರೂ ಅಂಥ ಚಾಕು ಮಾರುವವರಿದ್ದರೆ ನನಗೆ ಹೇಳಿ. ಹೀಗೇ ಏಳು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಸಾಹೇಬರ ಕೋಣೆಯ ಫೋನಿಗೆ ನನಗೆ ಕರೆ ಬಂತು. ಆ ಕಡೆಯಿಂದ ಗೈಡು. ಬೇಲೂರಿಗೆ ಬಂದಿದ್ದ ಒಬ್ಬ ಪ್ರವಾಸಿಗೆ ಈಗ ವಿಮಾನದಲ್ಲಿ ಕೈಚೀಲದಲ್ಲಿ ಚಾಕು ಒಯ್ಯಲು ಬಿಡುವುದಿಲ್ಲವಂತೆ, ಅದಕ್ಕೆ ತನ್ನ ಹತ್ತಿರವಿದ್ದ ಅಂಥದೇ ಬೂದು ಚಾಕುವನ್ನು ಗೈಡಿಗೇ ಕೊಟ್ಟು ಹೋಗಿದ್ದಾನಂತೆ.

ನನಗೆ ಎದುರಿಗೆ ಸಾಹೇಬರು ಕೂತಿರುವುದೇ ಮರೆತುಹೋಯಿತು. “ಎಷ್ಟುದ್ದ ಇದೆ? ಹರಿತವಾಗಿದೆ ತಾನೇ? ಯಾರಿಗೂ ತೋರಿಸ್ಬೇಡಿ, ಇವತ್ತೇ ಬರ್ತೀನಿ. ಏಳು ವರ್ಷ ಕಾದಿದೀನಿ ಕಣ್ರೀ, ಇನ್ನು ತಡ್ಕೊಳ್ಳೋಕಾಗಲ್ಲ!”

ಫೋನಿಟ್ಟು ಅಲ್ಲೇ ರಜಾ ಅರ್ಜಿ ಬರೆದೆ. ಸಾಹೇಬರು ಓದದೆಯೇ ಸಹಿ ಹಾಕಿದರು. ಬೆವರು ಒರೆಸಿಕೊಳ್ಳುತ್ತಾ ಅಂದರು:

“ಎರಡು ದಿನ ಜಾಸ್ತಿನೇ ತಗೊಳ್ಳಿ. ನಿಮ್ಮ ಪ್ರಮೋಷನ್ ಫೈಲು ತಡವಾಗಿದ್ದು ಮಾತ್ರ ನನ್ನಿಂದಲ್ಲ, ದೇವರಾಣೆ.”

ಬಸ್ಸಿನಲ್ಲಿ ಪೂರ್ತಿ ಸೀಟು

ಬೇಲೂರಿನಲ್ಲಿ ಗೈಡು ಚಾಕುವನ್ನು ನನ್ನ ಕೈಗೆ ಕೊಡಲಿಲ್ಲ. “ಕೈಯಿಂದ ಕೈಗೆ ಕೊಟ್ರೆ ಜಗಳ ಆಗುತ್ತೆ ಸಾರ್” ಅಂತ ಕಲ್ಲಿನ ಮೇಲಿಟ್ಟ, ನಾನು ಎತ್ತಿಕೊಂಡೆ. ಅದೇ ಬೂದು ಬಣ್ಣ, ಅದೇ ತೂಕವಿಲ್ಲದ ತೂಕ. ಕಣ್ಣು ತುಂಬಿ ಬಂತು. ನಾಚಿಕೆಯೇನಿಲ್ಲ, ಬಂತು.

ಬಸ್ಸು ಹತ್ತಿ ಕಿಟಕಿ ಪಕ್ಕ ಕೂತು ಹೆಬ್ಬೆರಳಲ್ಲಿ ಒತ್ತಿದೆ. ಟಕ್ ಅಂತ ಬಿಚ್ಚಿಕೊಂಡಿತು. ಆಮೇಲೆ ಮಡಚಲು ಹೋದರೆ ಆಗಲೊಲ್ಲದು. ಒತ್ತಿದೆ, ಎಳೆದೆ, ತೊಡೆಗೆ ಆನಿಸಿ ನೂಕಿದೆ, ಜಪ್ಪಯ್ಯ ಅನ್ನಲಿಲ್ಲ. ಬಿಚ್ಚಿದ ಚಾಕುವನ್ನು ಜೇಬಿಗೆ ಹಾಕುವುದು ಹೇಗೆ? ಕೈಯಲ್ಲೇ ಹಿಡಿದು ಕೂತೆ. ಪಕ್ಕದವರು ಎದ್ದು ಹಿಂದೆ ಹೋದರು. ಮುಂದಿನವರು ಎದ್ದು ಇನ್ನೂ ಮುಂದೆ ಹೋದರು. ಅಷ್ಟು ಜನ ನಿಂತು ಪ್ರಯಾಣ ಮಾಡುತ್ತಿದ್ದರೂ ನನ್ನ ಸುತ್ತ ಮೂರು ಸೀಟು ಖಾಲಿ. ಕಂಡಕ್ಟರು ದೂರದಿಂದಲೇ “ನಿಧಾನಕ್ಕೆ ತಗೊಳ್ಳಿ ಅಣ್ಣಾ, ಟಿಕೆಟ್‌ಗೇನು ಅರ್ಜೆಂಟು” ಅಂದ.

ಜಾವಗಲ್ಲಿನಲ್ಲಿ ಒಬ್ಬ ಅಜ್ಜಿ ಹತ್ತಿ, ಸೀಟು ಖಾಲಿಯಿದೆಯಲ್ಲ ಅಂತ ನನ್ನ ಪಕ್ಕವೇ ಕೂತಳು.

“ಮಡ್ಚಿಕ್ಕಳಪ್ಪಾ, ಕೈ ಕುಯ್ಕಂಡೀಯ.”

“ಮಡಚೋಕೆ ಬರ್ತಿಲ್ಲ ಅಜ್ಜಿ.”

ಅವಳೂ ಕೈಯಿಂದ ತಗೊಳ್ಳಲಿಲ್ಲ. ಸೀಟಿನ ಮೇಲೆ ಇಡಿಸಿ, ಎತ್ತಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಹಿಡಿಯ ಒಳಗಿದ್ದ ತಗಡಿನ ನಾಲಗೆಯನ್ನು ಉಗುರಿನಲ್ಲಿ ಪಕ್ಕಕ್ಕೆ ನೂಕಿ ಮಡಚಿಯೇಬಿಟ್ಟಳು. “ನಮ್ಮ ಟ್ರಂಕಿನ ಬೀಗಾನೂ ಹಿಂಗೇ ಐತೆ” ಅಂದಳು.

ಚಾಕು ನನ್ನ ಜೇಬು ಸೇರಿತೋ ಇಲ್ಲವೋ, ಕಂಡಕ್ಟರು ಎದುರಿಗೆ ಬಂದು ನಿಂತ. “ಏನ್ರೀ, ಎಷ್ಟೊತ್ತಿಂದ ಕೇಳ್ತಿದೀನಿ, ಟಿಕೆಟ್ ತಗೊಳ್ಳೋ ಅಭ್ಯಾಸ ಇಲ್ವಾ?”

ಕೊನೆಗೂ ಹಳೇಬೀಡು

ಆ ಚಾಕುವಿನಲ್ಲಿ ನಾನು ಒಂದು ಲಕೋಟೆಯನ್ನೂ ಕುಯ್ಯಲಿಲ್ಲ. ಮೊದಲು ಕುಯ್ಯುವುದು ಸೀಬೆಹಣ್ಣನ್ನೇ, ಅದೂ ಹಳೇಬೀಡಿನ ಹುಲ್ಲಿನ ಮೇಲೆಯೇ ಅಂತ ಪಣ ತೊಟ್ಟಿದ್ದೆ. ಹಾಗೆ ಅಂದುಕೊಂಡಾಗ ಪಕ್ಕದಲ್ಲಿ ಹೆಂಡತಿಯೂ ಬೇಕಲ್ಲ ಅಂತ ಹೊಳೆಯಿತು. ಏಳು ವರ್ಷ ಹೊಳೆದಿರಲಿಲ್ಲ. ಭಾನುವಾರ ಹೋಗೋಣ ಅಂದರೆ ಅವಳು ಶುಕ್ರವಾರವೇ ಸೀರೆ ಇಸ್ತ್ರಿ ಮಾಡಿಟ್ಟಳು.

ಗೇಟಿನಲ್ಲಿ ಕಾವಲಿನವರು ನಮ್ಮ ಚೀಲ ನೋಡಲಿಲ್ಲ. ನಾನೇ ಜಂಬ ತಡೆಯಲಾರದೆ ಜೇಬಿನಿಂದ ತೆಗೆದು, ಟಕ್ ಅನಿಸಿ ತೋರಿಸಿದೆ.

“ಭಾಳ ಚೆನ್ನಾಗೈತೆ ಸಾರ್” ಅಂದರು. “ಒಳಗೆ ಬಿಡಂಗಿಲ್ಲ.”

ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಚಪ್ಪಲಿ ಬಿಡುವ ಕಡೆ ಚಾಕುವನ್ನೂ ಬಿಡಬೇಕಾಯಿತು. ಚಪ್ಪಲಿಗೊಂದು ಟೋಕನ್ನು, ಚಾಕುವಿಗೊಂದು ಟೋಕನ್ನು. ಎರಡನ್ನೂ ಹೆಂಡತಿ ಸೆರಗಿಗೆ ಗಂಟು ಹಾಕಿಕೊಂಡಳು.

ಅವಳು ಒಂದೊಂದು ಶಿಲ್ಪದ ಮುಂದೂ ನಿಂತಳು. ಬಳೆ ನೋಡಿದಳು, ಜಡೆ ನೋಡಿದಳು. ಸುಮಾರು ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, “ಇಷ್ಟು ವರ್ಷ ಇದನ್ನೆಲ್ಲ ನೀವೊಬ್ರೇ ನೋಡ್ತಿದ್ರಾ?” ಅಂದಳು. ಸಿಟ್ಟಿನಿಂದ ಅಂದಿದ್ದರೆ ಏನಾದರೂ ಹೇಳಬಹುದಿತ್ತು. ಸಿಟ್ಟಿರಲಿಲ್ಲ, ಬರೀ ಆಸೆಯಿತ್ತು.

ಹುಲ್ಲಿನ ಮೇಲೆ ಕೂತೆವು. ನಾನು ಸೀಬೆಹಣ್ಣು ಹಿಡಿದು ಗೇಟಿನ ಕಡೆಯೇ ನೋಡುತ್ತಿದ್ದೆ. ಅವಳು ಅದನ್ನು ಕಸಿದು, ಸೆರಗಿನಲ್ಲಿ ಒರೆಸಿ, ಎರಡು ಅಂಗೈ ನಡುವೆ ಒತ್ತಿದಳು. ಎರಡು ಹೋಳಾಯಿತು. ದೊಡ್ಡ ಹೋಳು ನನಗೆ ಕೊಟ್ಟಳು. ಕೆರೆ ನೋಡುತ್ತಾ, ಒಂದು ಮಾತೂ ಆಡದೆ, ನಿಧಾನವಾಗಿ ತಿಂದೆವು. ಏಳು ವರ್ಷ ನನ್ನ ಬಾಯಲ್ಲಿ ನೀರೂರಿಸಿದ ರುಚಿ ಅದೇ.

ಹೊರಡುವಾಗ ಟೋಕನ್ನು ಕೊಟ್ಟು ಚಪ್ಪಲಿ ಬಿಡಿಸಿಕೊಂಡು ಬಂದವಳು ಅವಳೇ. ಬಸ್ಸು ಬಾಣಾವರ ದಾಟಿದ ಮೇಲೆ ಜೇಬು ಮುಟ್ಟಿ ನೋಡಿಕೊಂಡೆ. “ಅಯ್ಯೋ, ಚಾಕು! ಚಾಕು ಅಲ್ಲೇ ಉಳೀತು ಕಣೇ!”

ಅವಳು ಗಾಬರಿಯಾಗಲಿಲ್ಲ. ನಿಧಾನವಾಗಿ ಸೆರಗಿನ ಗಂಟು ಬಿಚ್ಚಿ, ಚಾಕುವಿನ ಟೋಕನ್ನು ನನಗೆ ತೋರಿಸಿ, ಮತ್ತೆ ಗಂಟು ಹಾಕಿಕೊಂಡಳು.

“ಬೇಕು ಅಂತಲೇ ಬಿಟ್ಟು ಬಂದೆ. ಮುಂದಿನ ಭಾನುವಾರ ಹೋಗಿ ತರೋಣ” ಅಂದಳು. “ಚಾಕುಗಾದ್ರೆ ಓಡಿ ಬರ್ತೀರಿ. ನನಗೋಸ್ಕರ ಅಂದ್ರೆ ಇನ್ನೂ ಏಳು ವರ್ಷ ಆಗುತ್ತೆ.”